ಹಿಡಿದುಕೊಟ್ಟವರು ಯಾರು ಎಂದು ಕಾದಂಬರಿ ಕೇಳಿದಾಗ

1945ರ ಫೆಬ್ರವರಿ. ಉತ್ತರ ಜರ್ಮನಿಯ ಬರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಕತ್ತಲಾದ ಮೇಲೆ ಹದಿನಾರರ ಹುಡುಗಿಯೊಬ್ಬಳು ಮುಳ್ಳುತಂತಿ ಬೇಲಿಯ ಬುಡಕ್ಕೆ ಬಂದು ಪಿಸುದನಿಯಲ್ಲಿ ಕರೆಯುತ್ತಾಳೆ. ಬೇಲಿಯ ಸಂದುಗಳಲ್ಲಿ ಹುಲ್ಲು ತುರುಕಿದ್ದಾರೆ, ಆ ಕಡೆ ಯಾರಿದ್ದಾರೋ ಕಾಣುವುದಿಲ್ಲ. ಕಾವಲುಗಾರನ ಕಣ್ಣಿಗೆ ಬಿದ್ದರೆ ಗುಂಡು. ಆ ಕಡೆಯಿಂದ ಬಂದ ದನಿ ಅವಳ ಬಾಲ್ಯದ ಗೆಳತಿಯದು. ಅಪ್ಪ ಅಮ್ಮ ಇಬ್ಬರೂ ಸತ್ತರು, ನನಗೀಗ ಯಾರೂ ಇಲ್ಲ ಎಂದು ಅಳುತ್ತಿದ್ದಾಳೆ. ತಿನ್ನಲೂ ಏನಿಲ್ಲ. ಮುಂದಿನ ಸಲ ಈ ಹುಡುಗಿ ತನ್ನ ಕಡೆಯ ಹೆಂಗಸರಿಂದ ಚೂರುಪಾರು ಕೂಡಿಸಿ, ಗಂಟು ಕಟ್ಟಿ ಬೇಲಿಯ ಮೇಲಿಂದ ಎಸೆಯುತ್ತಾಳೆ. ಆ ಕಡೆ ಒಂದು ಚೀರಾಟ. ಗಂಟು ಗೆಳತಿಯ ಕೈಸೇರುವ ಮೊದಲೇ ಇನ್ನೊಬ್ಬ ಹೆಂಗಸು ಅದನ್ನು ಹಿಡಿದು ಓಡಿಹೋಗಿದ್ದಾಳೆ. ಕೆಲವು ದಿನ ಬಿಟ್ಟು ಎಸೆದ ಎರಡನೆಯ ಗಂಟು ತಲುಪಿತು. ಆಮೇಲೆ ಆ ದನಿ ಕೇಳಲಿಲ್ಲ.

ಎಸೆದವಳು ಹನ್ನಾ ಗೊಸ್ಲಾರ್. ಆ ಕಡೆ ಇದ್ದವಳು ಆನ್ ಫ್ರಾಂಕ್, ನಾಜಿಗಳಿಂದ ಅಡಗಿದ್ದಾಗ ಬರೆದ ದಿನಚರಿಯಿಂದ ಮುಂದೆ ಜಗತ್ತಿಗೆಲ್ಲ ಗೊತ್ತಾದ ಯಹೂದಿ ಹುಡುಗಿ. ಹನ್ನಾ ಉಳಿದಳು, ಜೆರುಸಲೇಮಿಗೆ ಹೋಗಿ ನೆಲೆಸಿದಳು, 2022ರ ಅಕ್ಟೋಬರ್‌ನಲ್ಲಿ 93ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆನ್‌ಳ ಅಪ್ಪ ಓಟ್ಟೋ ಆಗಿನ್ನೂ ಬದುಕಿದ್ದ. ಅದು ಗೊತ್ತಿದ್ದಿದ್ದರೆ ಆನ್ ಇನ್ನಷ್ಟು ದಿನ ಜೀವ ಹಿಡಿದುಕೊಳ್ಳುತ್ತಿದ್ದಳೇನೋ ಎಂದು ಹನ್ನಾ ಬದುಕಿನುದ್ದಕ್ಕೂ ಹೇಳುತ್ತಿದ್ದಳು.

ಈ ಗೆಳೆತನಕ್ಕೆ ಇನ್ನೊಂದು ಹಳೆಯ ಅಧ್ಯಾಯವಿದೆ, ನನಗೆ ಅದೇ ಹೆಚ್ಚು ಕಾಡುವುದು. 1942ರ ಜುಲೈ, ಆಮ್‌ಸ್ಟರ್‌ಡಾಮ್. ಹನ್ನಾಳ ಅಮ್ಮ ಜಾಮ್ ಮಾಡಲು ಹೊರಟಿದ್ದಾಳೆ, ತೂಗಲು ತಕ್ಕಡಿ ಬೇಕು, ಫ್ರಾಂಕ್ ಮನೆಯಿಂದ ಇಸಕೊಂಡು ಬಾ ಎಂದು ಮಗಳನ್ನು ಕಳಿಸುತ್ತಾಳೆ. ಹೋಗಿ ನೋಡಿದರೆ ಮನೆಯಲ್ಲಿ ಬಾಡಿಗೆದಾರ ಮಾತ್ರ. ಅವರೆಲ್ಲ ಸ್ವಿಟ್ಜರ್ಲೆಂಡಿಗೆ ಹೋದರು ಎನ್ನುತ್ತಾನೆ. ಫ್ರಾಂಕ್ ಕುಟುಂಬ ನಿಜವಾಗಿ ಹೋಗಿದ್ದು ಅದೇ ಊರಿನ ಪ್ರಿನ್ಸೆನ್‌ಗ್ರಾಖ್ಟ್ 263ರ ಹಿಂಭಾಗದ ಕೋಣೆಗಳಿಗೆ. ಸ್ವಿಟ್ಜರ್ಲೆಂಡ್ ಎಂಬುದು ಓಟ್ಟೋ ಬೇಕೆಂದೇ ಬಿಟ್ಟುಹೋದ ಸುಳ್ಳು ಸುಳಿವು. ಆಪ್ತ ಗೆಳತಿಗೂ ಸುಳ್ಳು ಹೇಳಿಯೇ ಅಡಗಬೇಕಿತ್ತು, ಏಕೆಂದರೆ ಗೊತ್ತಿದ್ದವರಿಂದ ಬಾಯಿ ಬಿಡಿಸಬಹುದು. ಅಡಗುತಾಣದಲ್ಲಿದ್ದ ಆನ್ 1943ರ ನವೆಂಬರ್ 27ರಂದು ದಿನಚರಿಯಲ್ಲಿ ಬರೆದ ಕನಸಿನಲ್ಲಿ ಇದೇ ಹನ್ನಾ ಚಿಂದಿ ಬಟ್ಟೆಯಲ್ಲಿ ಬಂದು ನಿಲ್ಲುತ್ತಾಳೆ. ತಾನು ಸುರಕ್ಷಿತವಾಗಿದ್ದೇನೆ, ಗೆಳತಿಯನ್ನು ಕೈಬಿಟ್ಟೆ ಎಂಬ ಸಂಕಟ ಆ ಪುಟದ ತುಂಬ ಇದೆ.

ಈಗ ಇನ್ನೊಂದು ಬೇಲಿಯನ್ನು ನೋಡಿ. ಜಾನ್ ಬಾಯ್ನ್ ಅವರ 2006ರ ಕಾದಂಬರಿ ‘ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್’ನಲ್ಲಿ ಆಶ್ವಿಟ್ಸ್ ಯಾತನಾ ಶಿಬಿರದ ಅಧಿಕಾರಿಯ ಒಂಬತ್ತು ವರ್ಷದ ಮಗ, ಬೇಲಿಯ ಆಚೆಗಿನ ಅದೇ ವಯಸ್ಸಿನ ಯಹೂದಿ ಹುಡುಗನ ಜೊತೆ ತಿಂಗಳುಗಟ್ಟಲೆ ಕೂತು ಮಾತಾಡುತ್ತಾನೆ. ಯಾರೂ ನೋಡುವುದಿಲ್ಲ, ಯಾರೂ ಕೇಳುವುದಿಲ್ಲ. ಓದುವಾಗ ಗಂಟಲು ಕಟ್ಟುತ್ತದೆ, ಒಪ್ಪುತ್ತೇನೆ. ಆದರೆ ಆಶ್ವಿಟ್ಸ್‌ಗೆ ರೈಲಿನಲ್ಲಿ ಬಂದಿಳಿದ ಆ ವಯಸ್ಸಿನ ಯಹೂದಿ ಮಕ್ಕಳಲ್ಲಿ ಬಹುಪಾಲನ್ನು ಅಂದೇ ಅನಿಲ ಕೋಣೆಗೆ ಕಳಿಸುತ್ತಿದ್ದರು. ಬೇಲಿಯ ಬಳಿ ಹರಟಲು ಅವರು ಉಳಿಯುತ್ತಲೇ ಇರಲಿಲ್ಲ. 2020ರ ಜನವರಿಯಲ್ಲಿ ಆಶ್ವಿಟ್ಸ್ ಸ್ಮಾರಕದವರು, ಈ ಚರಿತ್ರೆಯನ್ನು ಓದುವವರು ಮತ್ತು ಪಾಠ ಮಾಡುವವರು ಈ ಪುಸ್ತಕವನ್ನು ದೂರ ಇಡುವುದು ಒಳ್ಳೆಯದು ಎಂದು ಬಹಿರಂಗವಾಗಿಯೇ ಹೇಳಿದರು. ಇಂಗ್ಲೆಂಡಿನ ಶಾಲಾ ಮಕ್ಕಳನ್ನು ಲಂಡನ್‌ನ ಯೂನಿವರ್ಸಿಟಿ ಕಾಲೇಜಿನವರು ಸಮೀಕ್ಷೆ ಮಾಡಿದಾಗ ಹೊಲೊಕಾಸ್ಟ್, ಅಂದರೆ ನಾಜಿಗಳು ನಡೆಸಿದ ಯಹೂದಿ ನರಮೇಧದ ಬಗ್ಗೆ ಅತಿ ಹೆಚ್ಚು ಮಂದಿ ಓದಿದ್ದೂ ನೋಡಿದ್ದೂ ಇದನ್ನೇ ಎಂದು ಕಂಡುಬಂದಿತ್ತು. ಎಷ್ಟೋ ಮಕ್ಕಳಿಗೆ ಕೊನೆಯಲ್ಲಿ ಹೆಚ್ಚು ಮರುಕ ಹುಟ್ಟುವುದು ಜರ್ಮನ್ ಅಧಿಕಾರಿಯ ಮನೆಯ ಮೇಲೆ ಎಂಬುದು ಪಾಠ ಹೇಳುವವರ ದೂರು.

ಇದನ್ನೆಲ್ಲ ಈಗ ಕೆದಕುವುದಕ್ಕೆ ಕಾರಣವಿದೆ. ನೋಡಿದವರು, ಅನುಭವಿಸಿದವರು ಹೋಗುತ್ತಿದ್ದಾರೆ. ಪರಿಹಾರದ ಲೆಕ್ಕ ಇಡುವ ಕ್ಲೇಮ್ಸ್ ಕಾನ್ಫರೆನ್ಸ್ ಸಂಸ್ಥೆ 2024ರ ಆರಂಭದಲ್ಲಿ ಜಗತ್ತಿನಲ್ಲಿ ಸುಮಾರು 2,45,000 ಬದುಕುಳಿದವರಿದ್ದಾರೆ ಎಂದಿತ್ತು. ಮುಂದಿನ ವರ್ಷ ಆ ಸಂಖ್ಯೆ 2,20,000ದ ಆಸುಪಾಸಿಗೆ ಇಳಿಯಿತು. ಇನ್ನು ಹತ್ತು ವರ್ಷದಲ್ಲಿ ಅವರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಇರುವುದಿಲ್ಲ ಎಂಬ ಅಂದಾಜೂ ಇದೆ. ಹಾಗಲ್ಲ, ಹೀಗೆ ನಡೆದದ್ದು ಎಂದು ಕೈಯೆತ್ತಿ ತಿದ್ದುವವರು ಸಭೆಯಲ್ಲಿ ಇಲ್ಲದ ದಿನ ಕಾದಂಬರಿಯೇ ನೆನಪಾಗಿಬಿಡುತ್ತದೆ. ಆ ಕಾದಂಬರಿಗಳ ಮಾರುಕಟ್ಟೆಯೋ, ಬೆಳೆಯುತ್ತಲೇ ಇದೆ. ಅವುಗಳಲ್ಲಿ ಬಹುಪಾಲು ಎರಡು ಎಳೆಗಳ ಮೇಲೆ ನಡೆಯುತ್ತವೆ: ಜೀವ ಕೊಡುವ ಗೆಳೆಯ, ಜೀವ ತೆಗೆಯುವ ಗೆಳೆಯ.

ಕನ್ನಡದಲ್ಲೂ ಈ ವಸ್ತು ತೀರ ಅಪರಿಚಿತವಲ್ಲ. ನೇಮಿಚಂದ್ರರ ‘ಯಾದ್ ವಶೇಮ್’ ಓದಿದವರಿಗೆ ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದು, ನೆರೆಯ ಮುಸ್ಲಿಂ ಮನೆಯಲ್ಲಿ ಬೆಳೆಯುವ ಯಹೂದಿ ಹುಡುಗಿ ನೆನಪಿರುತ್ತಾಳೆ. ನೆರೆಮನೆ ಕೈಹಿಡಿದ ಕಥೆ ಅದು. ನೆರೆಮನೆಯೇ ಹಿಡಿದುಕೊಟ್ಟ ಕಥೆಗಳು ಯುರೋಪಿನಲ್ಲಿ ಹೆಚ್ಚು, ಮತ್ತು ಈಗಿನ ಜಗಳಗಳೆಲ್ಲ ಅವುಗಳ ಸುತ್ತಲೇ ನಡೆಯುತ್ತಿವೆ.

ಮೊದಲು ಆಮ್‌ಸ್ಟರ್‌ಡಾಮ್. 1944ರ ಆಗಸ್ಟ್ 4ರ ಬೆಳಿಗ್ಗೆ ಫ್ರಾಂಕ್ ಕುಟುಂಬ ಅಡಗಿದ್ದ ಆ ಹಿತ್ತಲ ಮನೆಗೆ ಪೊಲೀಸರು ನುಗ್ಗಿ ಎಂಟು ಮಂದಿಯನ್ನು ಹಿಡಿದರು. ವಾಪಸ್ ಬಂದದ್ದು ಓಟ್ಟೋ ಒಬ್ಬನೇ. ಸುಳಿವು ಕೊಟ್ಟವರು ಯಾರು ಎಂದು ಡಚ್ ಪೊಲೀಸರು 1947-48ರಲ್ಲಿ ಒಮ್ಮೆ, 1963-64ರಲ್ಲಿ ಇನ್ನೊಮ್ಮೆ ವಿಚಾರಣೆ ನಡೆಸಿದರು. ಗೋದಾಮಿನ ಕೆಲಸಗಾರನ ಮೇಲೆ ಅನುಮಾನ ಬಿತ್ತು, ಪುರಾವೆ ಸಿಗಲಿಲ್ಲ. ಅಲ್ಲಿಂದಾಚೆಗೆ ಅರ್ಧ ಡಜನ್‌ಗೂ ಹೆಚ್ಚು ಹೆಸರುಗಳು ಪುಸ್ತಕಗಳಲ್ಲಿ ಬಂದು ಹೋಗಿವೆ. ಪ್ರತಿ ಸಲವೂ ಇದೇ ಕೊನೆಯ ಉತ್ತರ ಎಂಬ ತಮಟೆ.

2022ರ ಜನವರಿಯಲ್ಲಿ ಬಾರಿಸಿದ ತಮಟೆ ಎಲ್ಲಕ್ಕಿಂತ ಜೋರಿನದು. ಅಮೆರಿಕದ ಎಫ್‌ಬಿಐನಿಂದ ನಿವೃತ್ತರಾದ ವಿನ್ಸ್ ಪ್ಯಾಂಕೋಕ್ ನೇತೃತ್ವದ ತಂಡವೊಂದು ವರ್ಷಗಟ್ಟಲೆ ದತ್ತಾಂಶ ಜಾಲಾಡಿ, ನಾಜಿಗಳು ನೇಮಿಸಿದ್ದ ಯಹೂದಿ ಮಂಡಳಿಯ ಸದಸ್ಯನಾಗಿದ್ದ ನೋಟರಿ ಆರ್ನಾಲ್ಡ್ ಫಾನ್ ಡೆನ್ ಬರ್ಗ್ ತನ್ನ ಸಂಸಾರವನ್ನು ಉಳಿಸಿಕೊಳ್ಳಲು ಅಡಗುತಾಣಗಳ ವಿಳಾಸ ಕೊಟ್ಟಿರಬೇಕು ಎಂದಿತು. ಮುಖ್ಯ ಆಧಾರ ಒಂದು ಅನಾಮಧೇಯ ಚೀಟಿ, ಅದೂ ಮೂಲವಲ್ಲ, ಓಟ್ಟೋ ಫ್ರಾಂಕ್ ಮಾಡಿಟ್ಟುಕೊಂಡಿದ್ದ ನಕಲು. ಕೆನಡಾದ ರೋಸ್‌ಮೇರಿ ಸಲಿವನ್ ಬರೆದ ಪುಸ್ತಕ ಹಲವು ಭಾಷೆಗಳಲ್ಲಿ ಒಟ್ಟಿಗೆ ಬಿಡುಗಡೆಯಾಯಿತು. ‘ಯಹೂದಿಯೇ ಯಹೂದಿಯನ್ನು ಹಿಡಿದುಕೊಟ್ಟ’ ಎಂಬ ತಲೆಬರಹ ಒಂದೇ ದಿನದಲ್ಲಿ ಭೂಮಿ ಸುತ್ತಿತು. ಎರಡು ತಿಂಗಳಲ್ಲಿ ಡಚ್ ಇತಿಹಾಸಕಾರರ ಗುಂಪು ಅದನ್ನು ಎಳೆ ಎಳೆಯಾಗಿ ಬಿಡಿಸಿಟ್ಟಿತು. ಯಹೂದಿ ಮಂಡಳಿಯ ಹತ್ತಿರ ಅಡಗುತಾಣಗಳ ಪಟ್ಟಿ ಇತ್ತು ಎನ್ನುವುದಕ್ಕೆ ಗಟ್ಟಿ ಆಧಾರವೇ ಇಲ್ಲ. ಆ ಮಂಡಳಿ 1943ರ ಸೆಪ್ಟೆಂಬರ್‌ನಲ್ಲೇ ಮುಚ್ಚಿಹೋಗಿತ್ತು. 1944ರ ಹೊತ್ತಿಗೆ ನೋಟರಿ ಸ್ವತಃ ತಲೆಮರೆಸಿಕೊಂಡಿದ್ದ. ವರದಿ ಬಂದ ಬೆನ್ನಲ್ಲೇ ಡಚ್ ಪ್ರಕಾಶಕರು ಪುಸ್ತಕವನ್ನು ಅಂಗಡಿಗಳಿಂದ ವಾಪಸ್ ತರಿಸಿಕೊಂಡರು. ನೋಟರಿ ತೀರಿಕೊಂಡದ್ದು 1950ರಲ್ಲಿ. ಅವನ ಮೊಮ್ಮಕ್ಕಳ ಪೀಳಿಗೆಗೆ ಆ ತಲೆಬರಹವನ್ನು ವಾಪಸ್ ತರಿಸಿಕೊಳ್ಳುವ ಅಂಗಡಿ ಯಾವುದೂ ಇರಲಿಲ್ಲ.

ಅದು ಕಾದಂಬರಿಯಾಗಿರಲಿಲ್ಲ, ತನಿಖೆ ಎಂದೇ ಬಂದದ್ದು. ಆದರೆ ಕಟ್ಟಿದ ರೀತಿ ಪತ್ತೇದಾರಿ ಕಾದಂಬರಿಯದು: ಒಂದು ಪ್ರಶ್ನೆ, ಐದಾರು ಶಂಕಿತರು, ಕೊನೆಯಲ್ಲಿ ಒಂದು ಮುಖ. ಆನ್ ಫ್ರಾಂಕ್ ಹೌಸ್‌ನವರು 2016ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಇಷ್ಟು ಸದ್ದಾಗಲಿಲ್ಲ. ಯಾರೂ ಹಿಡಿದುಕೊಟ್ಟೇ ಇಲ್ಲದಿರಬಹುದು ಎಂಬುದನ್ನೂ ಅದು ಎತ್ತಿತ್ತು. ಆ ಕಟ್ಟಡದಲ್ಲಿ ಕೆಲಸಕ್ಕಿದ್ದ ಮಾರಾಟ ಪ್ರತಿನಿಧಿಗಳು ಕಳ್ಳ ಪಡಿತರ ಚೀಟಿಗಳ ವ್ಯವಹಾರದಲ್ಲಿ 1944ರ ಮಾರ್ಚ್‌ನಲ್ಲಿ ಸಿಕ್ಕಿಬಿದ್ದಿದ್ದರು. ಪೊಲೀಸರು ಬಂದದ್ದು ಅದರ ಜಾಡು ಹಿಡಿದೇ ಇರಬಹುದು. ಚೀಟಿ ಹುಡುಕಲು ಬಂದವರಿಗೆ ಮನುಷ್ಯರು ಸಿಕ್ಕರು ಎಂಬ ಕಥೆಯಲ್ಲಿ ಖಳನಿಲ್ಲ, ಹಾಗಾಗಿ ಓದುಗರೂ ಇಲ್ಲ.

ಇಷ್ಟಕ್ಕೂ ಅಂದು ಬಂದು ಬಂಧಿಸಿದವನ ಹೆಸರು ಗುಟ್ಟೇನಲ್ಲ. ಕಾರ್ಲ್ ಸಿಲ್ಬರ್‌ಬವರ್, ವಿಯೆನ್ನಾದವನು. 1963ರಲ್ಲಿ, ತಲೆಮರೆಸಿಕೊಂಡ ನಾಜಿಗಳನ್ನು ಹುಡುಕುತ್ತಿದ್ದ ಸಿಮೋನ್ ವೀಸೆಂಟಾಲ್ ಅವನನ್ನು ಪತ್ತೆ ಮಾಡಿದಾಗ ಅವನು ವಿಯೆನ್ನಾ ಪೊಲೀಸಿನಲ್ಲೇ ಕೆಲಸದಲ್ಲಿದ್ದ. ಅಮಾನತಾಯಿತು, ವಿಚಾರಣೆಯಾಯಿತು, ಕರ್ತವ್ಯ ಮಾಡಿದ್ದಾನೆ ಎಂದು ಬಿಟ್ಟರು, ಮತ್ತೆ ಕುರ್ಚಿಗೆ ಹೋಗಿ ಕೂತ. ಸುಳಿವು ಕೊಟ್ಟವರ ಮೇಲೆ ಬಂದಷ್ಟು ಪುಸ್ತಕ ಅವನ ಮೇಲೆ ಬಂದಿಲ್ಲ.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಕಾದಂಬರಿಗೆ ಒಬ್ಬ ದ್ರೋಹಿ ಬೇಕು. ಆ ಕಾಲದಲ್ಲಿ ದ್ರೋಹಕ್ಕೆ ಕಚೇರಿಯಿತ್ತು, ದರಪಟ್ಟಿಯಿತ್ತು, ರಸೀತಿಯಿತ್ತು.

1943ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಒಂದು ತಂಡವಿತ್ತು, ಮುಖ್ಯಸ್ಥ ವಿಮ್ ಹೆನ್ನೇಕೆಯ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಐವತ್ತಕ್ಕೂ ಹೆಚ್ಚು ಡಚ್ ಗಂಡಸರು. ಇವರ ಮೊದಲ ಕೆಲಸ ಸಾಗಹಾಕಿದ ಯಹೂದಿಗಳ ಖಾಲಿ ಮನೆಗೆ ಹೋಗಿ ಮೇಜು, ಮಂಚ, ಪಾತ್ರೆಗಳ ಪಟ್ಟಿ ಬರೆಯುವುದು. ಮನೆಗಳೆಲ್ಲ ಮುಗಿಯುತ್ತ ಬಂದವು, ಕೆಲಸ ಕಡಿಮೆಯಾಯಿತು. ಆಗ ಸಿಕ್ಕ ಹೊಸ ಕೆಲಸ ಅಡಗಿಕೊಂಡವರನ್ನು ಹುಡುಕುವುದು. ತಲೆಗೆ ಏಳೂವರೆ ಗಿಲ್ಡರ್ (ಆಗಿನ ಡಚ್ ನಾಣ್ಯ), ಆಮೇಲೆ ದರ ಏರಿತು. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗಿನ ಅರ್ಧ ವರ್ಷದಲ್ಲಿ ಎಂಟರಿಂದ ಒಂಬತ್ತು ಸಾವಿರ ಯಹೂದಿಗಳನ್ನು ಇವರು ಹಿಡಿದರು. ಹಣ ಪಡೆದದ್ದಕ್ಕೆ ಸಹಿ ಹಾಕಿದ ಕಾಗದಗಳು ಉಳಿದಿವೆ. ನೆರೆಯವರು, ಅಂಗಡಿಯವರು, ಮನೆ ಕೊಟ್ಟವರು ಇವರ ಕಿವಿಗೆ ಹಾಕಿದ ಮಾತುಗಳಲ್ಲಿ ಕೆಲವಕ್ಕೆ ದ್ವೇಷ ಕಾರಣ, ಕೆಲವಕ್ಕೆ ಹಣ, ಕೆಲವಕ್ಕೆ ಬಾಡಿಗೆ ಜಗಳ. ನೆದರ್‌ಲೆಂಡ್ಸ್‌ನಲ್ಲಿ ಸುಮಾರು 28,000 ಯಹೂದಿಗಳು ಅಡಗಿದ್ದರು ಎಂದು ಲೆಕ್ಕ, ಅವರಲ್ಲಿ ಸುಮಾರು 12,000 ಮಂದಿ ಸಿಕ್ಕಿಬಿದ್ದರು. ಅಡಗಿದವರನ್ನು ಡಚ್ಚರು ‘ಮುಳುಗಿದವರು’ ಎನ್ನುವ ಅರ್ಥದ ಮಾತಿನಿಂದ ಕರೆಯುತ್ತಾರೆ. ಬರ್ಲಿನ್ನಿನವರು ತಮ್ಮನ್ನು ತಾವೇ ‘ಯು-ಬೋಟ್’ ಅಂದುಕೊಳ್ಳುತ್ತಿದ್ದರು, ಅಂದರೆ ಜಲಾಂತರ್ಗಾಮಿ. ಉಸಿರಿಗಾದರೂ ಒಮ್ಮೆ ಮೇಲೆ ಬರಲೇಬೇಕು. ಹಿಡಿಯುವವರು ಕಾಯುತ್ತಿದ್ದುದು ಆ ಗಳಿಗೆಗೆ.

ಹಿಡಿಯಲು ಅತಿ ಸುಲಭದ ಉಪಾಯ, ಮುಳುಗಿದವರಿಗೆ ಪರಿಚಯವಿದ್ದ ಮುಖವನ್ನೇ ಮುಂದೆ ಬಿಡುವುದು. ಆನ್ಸ್ ಫಾನ್ ಡೈಕ್ ಆಮ್‌ಸ್ಟರ್‌ಡಾಮಿನಲ್ಲಿ ಟೋಪಿ ಅಂಗಡಿ ಇಟ್ಟುಕೊಂಡಿದ್ದ ಯಹೂದಿ ಹೆಂಗಸು. 1943ರಲ್ಲಿ ಸಿಕ್ಕಿಬಿದ್ದಳು. ರೈಲು ಹತ್ತುತ್ತೀಯೋ, ನಮಗೆ ಕೆಲಸ ಮಾಡುತ್ತೀಯೋ ಎಂಬುದಕ್ಕೆ ಎರಡನೆಯದನ್ನು ಒಪ್ಪಿದಳು. ಆಮೇಲೆ ಪ್ರತಿರೋಧ ಚಳವಳಿಯವಳ ವೇಷ. ನಿಮಗೆ ಸುರಕ್ಷಿತ ಮನೆ ನೋಡಿದ್ದೇನೆ, ಸುಳ್ಳು ಕಾಗದಪತ್ರ ಮಾಡಿಸಿಕೊಡುತ್ತೇನೆ ಎಂದು ಕರೆದುಕೊಂಡು ಹೋಗುತ್ತಿದ್ದ ಮನೆಯಲ್ಲಿ ಪೊಲೀಸರು ಕೂತಿರುತ್ತಿದ್ದರು. 145 ಮಂದಿ, ಅವರಲ್ಲಿ ಅವಳ ಸ್ವಂತ ಅಣ್ಣತಮ್ಮನ ಸಂಸಾರವೂ ಸೇರಿತ್ತು. 1948ರ ಜನವರಿ 14ರಂದು ಅವಳನ್ನು ಗುಂಡಿಟ್ಟು ಕೊಂದರು. ಯುದ್ಧಕಾಲದ ಅಪರಾಧಗಳಿಗಾಗಿ ಆ ದೇಶದಲ್ಲಿ ಮರಣದಂಡನೆ ಜಾರಿಯಾದ ಹೆಂಗಸು ಅವಳೊಬ್ಬಳೇ. ಡಚ್ ಹೆಂಗಸರಲ್ಲಿ ನಾಜಿಗಳಿಗೆ ಕೈಜೋಡಿಸಿದವರು ಎಷ್ಟೋ ಮಂದಿ. ಗುಂಡು ಸಿಕ್ಕಿದ್ದು ಒಬ್ಬ ಯಹೂದಿಗೆ. ಅವಳು ಮಾಡಿದ್ದು ಸಣ್ಣದೆಂದಲ್ಲ. ಶಿಕ್ಷೆಯ ತಕ್ಕಡಿ ಯಾವ ಕಡೆ ವಾಲಿತ್ತು ಎಂಬುದನ್ನೂ ಜೊತೆಗಿಟ್ಟು ನೋಡಬೇಕು.

ಬರ್ಲಿನ್ನಿನ ಸ್ಟೆಲ್ಲಾ ಗೋಲ್ಡ್‌ಶ್ಲಾಗ್‌ಳ ಕಥೆ ಇನ್ನೂ ಪ್ರಸಿದ್ಧ. 1922ರ ಜುಲೈನಲ್ಲಿ ಹುಟ್ಟಿದವಳು, ಒಬ್ಬಳೇ ಮಗಳು, ಹೊಂಬಣ್ಣದ ಕೂದಲು, ನೀಲಿ ಕಣ್ಣು. ಸರ್ಕಾರಿ ಶಾಲೆಗಳಲ್ಲಿ ಯಹೂದಿ ಮಕ್ಕಳಿಗೆ ಜಾಗ ಇಲ್ಲವಾದಾಗ ಲಿಯೊನೋರ್ ಗೋಲ್ಡ್‌ಶ್ಮಿಟ್ ತೆರೆದ ಶಾಲೆಯಲ್ಲಿ ಓದಿದಳು. ಫ್ಯಾಷನ್ ಚಿತ್ರ ಬರೆಯುವುದನ್ನು ಕಲಿತಳು, ಸಂಗೀತಗಾರನೊಬ್ಬನನ್ನು ಮದುವೆಯಾದಳು, ಕಾರ್ಖಾನೆಯಲ್ಲಿ ಬಿಟ್ಟಿ ದುಡಿದಳು. 1943ರ ಫೆಬ್ರವರಿ ಕೊನೆಯಲ್ಲಿ ಬರ್ಲಿನ್ ಕಾರ್ಖಾನೆಗಳ ಯಹೂದಿ ಕೆಲಸಗಾರರನ್ನು ಸಾರಾಸಗಟಾಗಿ ಬಾಚಿದಾಗ ಗಂಡ ಹೋದ, ಅವಳೂ ಅಪ್ಪ ಅಮ್ಮನೂ ಭೂಗತರಾದರು. ಜುಲೈನಲ್ಲಿ ಅವಳನ್ನು ಹಿಡಿದುಕೊಟ್ಟಿದ್ದು ಪರಿಚಯದ ಹುಡುಗಿಯೇ, ಆಗಾಗಲೇ ನಾಜಿ ಗುಪ್ತ ಪೊಲೀಸ್ ಗೆಸ್ಟಾಪೊಗೆ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಯಹೂದಿ. ಈ ಒಂದು ವಿವರವನ್ನು ಕಥೆ ಹೇಳುವವರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ದ್ರೋಹಿ ಹುಟ್ಟಿದ್ದೇ ದ್ರೋಹಕ್ಕೆ ಬಲಿಯಾಗಿ ಎಂಬುದು ಕಥೆಯ ಓಟಕ್ಕೆ ಅಡ್ಡ ಬರುತ್ತದೆ.

ಸ್ಟೆಲ್ಲಾಳನ್ನು ಹೊಡೆದರು, ಬಡಿದರು. ತಪ್ಪಿಸಿಕೊಂಡಳು, ಮತ್ತೆ ಸಿಕ್ಕಳು. ಜೈಲಿನ ಮೇಲೆ ಬಾಂಬ್ ಬಿದ್ದ ರಾತ್ರಿ ಹೊರಬಂದವಳು ಓಡಿಹೋಗಲಿಲ್ಲ. ಗ್ರೋಸೆ ಹಾಂಬುರ್ಗರ್ ಬೀದಿಯಲ್ಲಿ ಮೊದಲು ಯಹೂದಿ ವೃದ್ಧಾಶ್ರಮವಾಗಿದ್ದ, ಆಗ ಸಾಗಣೆಗೆ ಜನರನ್ನು ಕೂಡಿಹಾಕುವ ಜಾಗವಾಗಿದ್ದ ಕಟ್ಟಡಕ್ಕೆ ನಡೆದುಕೊಂಡು ಹೋದಳು. ಅಪ್ಪ ಅಮ್ಮ ಅಲ್ಲಿದ್ದರು. ಅಲ್ಲಿನ ಮುಖ್ಯಸ್ಥ ವಾಲ್ಟರ್ ಡೊಬ್ಬರ್ಕೆ ಅವಳ ಮುಂದೆ ಒಂದು ವ್ಯಾಪಾರ ಇಟ್ಟ: ಜನ ಹಿಡಿದುಕೊಡು, ಅಪ್ಪ ಅಮ್ಮನ ಹೆಸರು ರೈಲಿನ ಪಟ್ಟಿಗೆ ಬರುವುದಿಲ್ಲ. ಸ್ಟೆಲ್ಲಾ ಕಾಫಿ ಅಂಗಡಿಗಳಲ್ಲಿ, ನಾಟಕ ಮಂದಿರಗಳ ಬಾಗಿಲಲ್ಲಿ, ಬೀದಿಗಳಲ್ಲಿ ಅಲೆಯತೊಡಗಿದಳು. ಶಾಲೆಯ ಗೆಳೆಯರ ಮುಖ, ಅವರ ನಡಿಗೆ, ಅವರು ಎಲ್ಲಿ ಕಾಫಿ ಕುಡಿಯುತ್ತಾರೆ, ಎಲ್ಲ ಗೊತ್ತಿತ್ತು. ಗೆಳೆತನವೇ ಅವಳ ಬಂಡವಾಳ. ಜನ ಇಂಥವರನ್ನು ‘ಗ್ರೈಫರ್’ ಅನ್ನುತ್ತಿದ್ದರು, ಅಂದರೆ ಹಿಡಿಯುವವರು. ಎಷ್ಟು ಮಂದಿಯನ್ನು ಹಿಡಿದಳು ಎಂಬುದಕ್ಕೆ ಕೆಲವು ನೂರರಿಂದ ಮೂರು ಸಾವಿರದವರೆಗೆ ಅಂದಾಜುಗಳಿವೆ. ಲೆಕ್ಕದಲ್ಲಿ ಇಷ್ಟು ಅಂತರವಿದ್ದರೆ ಯಾರ ಹತ್ತಿರವೂ ನಿಜವಾದ ಲೆಕ್ಕವಿಲ್ಲ ಎಂದೇ ಅರ್ಥ.

1944ರಲ್ಲಿ ಅಪ್ಪ ಅಮ್ಮನನ್ನು ಥೆರೇಸಿಯನ್‌ಸ್ಟಾಟ್ ಶಿಬಿರಕ್ಕೆ, ಅಲ್ಲಿಂದ ಆಶ್ವಿಟ್ಸ್‌ಗೆ ಕಳಿಸಿದರು. ಮಾತು ಮುರಿಯಿತು. ಸ್ಟೆಲ್ಲಾ ಮಾತ್ರ ಕೆಲಸ ನಿಲ್ಲಿಸಲಿಲ್ಲ. ಕಾದಂಬರಿಕಾರರಿಗೆ ಬೇಕಾದ ನಿಜವಾದ ಕಗ್ಗಂಟು ಇದು. ಅಪ್ಪ ಅಮ್ಮನಿಗಾಗಿ ಎಂಬ ಕಾರಣ ಇದ್ದಾಗ ಅವಳನ್ನು ಅರ್ಥ ಮಾಡಿಕೊಳ್ಳಬಹುದು. ಕಾರಣ ಹೋದ ಮೇಲೂ ಕೆಲಸ ಉಳಿದದ್ದೇಕೆ? ಭಯವೇ, ಅಭ್ಯಾಸವೇ, ಸಿಕ್ಕಿದ್ದ ಓಡಾಟದ ಸ್ವಾತಂತ್ರ್ಯವೇ? ಸೋವಿಯತ್ ಮಿಲಿಟರಿ ನ್ಯಾಯಾಲಯ ಹತ್ತು ವರ್ಷ ಒಳಗೆ ಹಾಕಿತು. ಹೊರಬಂದ ಮೇಲೆ 1957ರಲ್ಲಿ ಪಶ್ಚಿಮ ಬರ್ಲಿನ್ನಿನಲ್ಲಿ ಮತ್ತೆ ವಿಚಾರಣೆ, ಮತ್ತೆ ಹತ್ತು ವರ್ಷ, ಆಗಲೇ ಅನುಭವಿಸಿದೆ ಎಂದು ಬಿಡುಗಡೆ. 1994ರಲ್ಲಿ ಆತ್ಮಹತ್ಯೆ.

ಅವಳ ಬಗ್ಗೆ ನಾನು ಇಟ್ಟುಕೊಂಡಿರುವ ಪುಸ್ತಕ ಕಾದಂಬರಿಯಲ್ಲ. ಅದೇ ಶಾಲೆಯಲ್ಲಿ ಓದಿದ, ಅವಳನ್ನು ದೂರದಿಂದ ಮೆಚ್ಚಿಕೊಂಡಿದ್ದ ಹುಡುಗನೊಬ್ಬ 1937ರಲ್ಲಿ ಮನೆಯವರ ಜೊತೆ ಅಮೆರಿಕಕ್ಕೆ ಹೋದ. ಯುದ್ಧ ಮುಗಿದಾಗ ಅಮೆರಿಕದ ಸೈನಿಕ ಸಮವಸ್ತ್ರದಲ್ಲಿ ವಾಪಸ್ ಬಂದವನಿಗೆ ಸ್ಟೆಲ್ಲಾ ಏನಾದಳೆಂದು ಗೊತ್ತಾಯಿತು. ಪೀಟರ್ ವೈಡನ್ ಎಂಬ ಈತ ಪತ್ರಕರ್ತನಾಗಿ ಬೆಳೆದು, ಮುದುಕಿಯಾಗಿದ್ದ ಅವಳನ್ನೇ ಹುಡುಕಿ ಹೋಗಿ ಮಾತಾಡಿಸಿ 1992ರಲ್ಲಿ ಜೀವನ ಚರಿತ್ರೆ ಬರೆದ. ಹಡಗಿನ ಟಿಕೆಟ್ ಸಿಗದೆ ತಾನೂ ಬರ್ಲಿನ್ನಿನಲ್ಲೇ ಉಳಿದಿದ್ದರೆ ಎಂಬ ಪ್ರಶ್ನೆ ಅದರ ಕೆಳಗೆ ಸದಾ ಹರಿಯುತ್ತದೆ. ತೀರ್ಪು ಕೊಡುವವನ ಕೈಯೇ ನಡುಗುತ್ತಿರುವ ಪುಸ್ತಕ ಅದು.

2019ರ ಜನವರಿಯಲ್ಲಿ ಜರ್ಮನಿಯಲ್ಲಿ ಟಾಕಿಸ್ ವುರ್ಗರ್ ಅವರ ‘ಸ್ಟೆಲ್ಲಾ’ ಕಾದಂಬರಿ ಬಂತು. 1942ರಲ್ಲಿ ಬರ್ಲಿನ್ ನೋಡಲು ಬಂದ ಸ್ವಿಸ್ ಯುವಕ, ಚೆಲುವೆಯೊಬ್ಬಳ ಪ್ರೇಮದಲ್ಲಿ ಬಿದ್ದು, ಅವಳು ಯಾರೆಂದು ತಡವಾಗಿ ತಿಳಿಯುತ್ತಾನೆ. ನಡುನಡುವೆ ನಿಜವಾದ ನ್ಯಾಯಾಲಯದ ಕಡತದ ತುಣುಕುಗಳು. ಜರ್ಮನ್ ಪತ್ರಿಕೆಗಳ ವಿಮರ್ಶಕರು ಮುಗಿಬಿದ್ದರು. ಪುಸ್ತಕ ಚೆನ್ನಾಗಿಯೇ ಮಾರಾಟವಾಯಿತು, ಬೇರೆ ಭಾಷೆಗಳಿಗೂ ಹೋಯಿತು. ನನಗನ್ನಿಸುವ ಪ್ರಕಾರ ಪ್ರೇಮಕಥೆ ಬರೆದದ್ದು ತಪ್ಪಲ್ಲ. ಕಡತದ ತುಣುಕಿನಲ್ಲಿ ಸತ್ತವರು ಪ್ರಕರಣದ ಕ್ರಮಸಂಖ್ಯೆಯಾಗಿ ಬರುತ್ತಾರೆ, ಕಥೆಯಲ್ಲಿ ಹಾಡು, ಮದ್ಯ, ಮುತ್ತು ಬರುತ್ತವೆ. ಹಿಡಿಯಲ್ಪಟ್ಟವರಿಗೆ ಎರಡೂ ಕಡೆ ಮುಖವಿಲ್ಲ. ಶಾಲೆಯಲ್ಲಿ ಅವಳ ಪಕ್ಕದಲ್ಲಿ ಕೂತಿದ್ದವರು ಯಾರು? ಗೆಳೆತನವನ್ನೇ ತೋರಿಸದ ಮೇಲೆ ದ್ರೋಹದ ತೂಕ ಓದುಗನಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಮಾತನ್ನು ಸುತ್ತು ಬಳಸದೆ ಹೇಳಬೇಕು. ಬರ್ಲಿನ್ನಿನಲ್ಲಿ ಸುಮಾರು 7,000 ಯಹೂದಿಗಳು ಭೂಗತರಾದರು, ಸುಮಾರು 1,700 ಮಂದಿ ಉಳಿದರು. ಸ್ಟೆಲ್ಲಾಳ ಹೆಸರು ಗೊತ್ತಿರುವ ಓದುಗರಲ್ಲಿ ಎಷ್ಟು ಮಂದಿಗೆ ಡೊಬ್ಬರ್ಕೆಯ ಹೆಸರು ಗೊತ್ತು? ವ್ಯಾಪಾರ ಕುದುರಿಸಿದವನು ಅವನು. ರೈಲಿನ ಪಟ್ಟಿ ಮಾಡಿದ ಗುಮಾಸ್ತರು, ಖಾಲಿಯಾದ ಮನೆಯ ಪಿಯಾನೊವನ್ನು ಹರಾಜಿನಲ್ಲಿ ಕೊಂಡ ಪಕ್ಕದ ಮನೆಯವರು, ಇವರ ಮೇಲೆ ಪ್ರೇಮಕಥೆ ಕಟ್ಟಲು ಬರುವುದಿಲ್ಲ. ಯಹೂದಿ ದ್ರೋಹಿಯ ಕಥೆ ಯುರೋಪಿನ ಓದುಗನಿಗೆ ಒಂದು ಬಗೆಯ ಹಗುರವನ್ನೂ ಕೊಡುತ್ತದೆ: ನೋಡಿ, ಅವರಲ್ಲೂ ಇಂಥವರಿದ್ದರು. ಫಾನ್ ಡೆನ್ ಬರ್ಗ್‌ನ ತಲೆಬರಹ ಅಷ್ಟು ವೇಗವಾಗಿ ಓಡಿದ್ದು ಸುಮ್ಮನೆ ಅಲ್ಲ.

ಗೆಳೆತನವನ್ನು ಮೊದಲಿಂದ ಕಟ್ಟಿ, ಆಮೇಲೆ ಒಡೆದು ತೋರಿಸಿದ ಕೃತಿಗಳೂ ಇವೆ. ಪೋಲೆಂಡಿನ ತಾದೆವುಶ್ ಸ್ಲೊಬೊಜಾನೆಕ್ ಬರೆದ ‘ನಮ್ಮ ತರಗತಿ’ ಎಂಬ ಅರ್ಥದ ನಾಟಕ 2010ರಲ್ಲಿ ಆ ದೇಶದ ದೊಡ್ಡ ಸಾಹಿತ್ಯ ಪ್ರಶಸ್ತಿ ನಿಕೆಯನ್ನು ಪಡೆಯಿತು. ಹದಿನಾಲ್ಕು ‘ಪಾಠ’ಗಳು, ಹತ್ತು ಸಹಪಾಠಿಗಳು, ಐವರು ಯಹೂದಿ, ಐವರು ಕ್ಯಾಥೊಲಿಕ್. ಶುರುವಿನಲ್ಲಿ ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಹೇಳುವ ಮಕ್ಕಳು. ಕೊಂದವರೂ ಸತ್ತವರೂ ಅದೇ ರಂಗದ ಮೇಲೆ ಕೊನೆಯವರೆಗೂ ಒಟ್ಟಿಗೆ ಇರುತ್ತಾರೆ. ಹಿನ್ನೆಲೆಯಲ್ಲಿರುವುದು ಯೆದ್ವಾಬ್ನೆ ಎಂಬ ಸಣ್ಣ ಊರು. 1941ರ ಜುಲೈ 10ರಂದು ಅಲ್ಲಿ ಪೋಲಿಷ್ ನೆರೆಯವರು ತಮ್ಮ ಯಹೂದಿ ನೆರೆಯವರನ್ನು ಹುಲ್ಲಿನ ಕಣಜಕ್ಕೆ ತುಂಬಿ ಬೆಂಕಿ ಹಚ್ಚಿದರು. ಜರ್ಮನ್ನರು ಊರಲ್ಲಿದ್ದರು, ಅವರ ಕುಮ್ಮಕ್ಕೂ ಇತ್ತು. ಕೈ ಮಾತ್ರ ನೆರೆಯವರದು. ಊರಿನ ಹಳೆಯ ಕಲ್ಲಿನಲ್ಲಿ ಗೆಸ್ಟಾಪೊ ಸುಟ್ಟಿತು ಎಂದು ಬರೆದಿತ್ತು. ಯಾನ್ ಗ್ರಾಸ್ 2000ದಲ್ಲಿ ‘ನೆರೆಯವರು’ ಎಂಬ ಹೆಸರಿನಲ್ಲಿ ಪುಸ್ತಕ ತಂದ ಮೇಲೆ ಆ ಕಲ್ಲು ಹೋಯಿತು, 2001ರಲ್ಲಿ ಅಧ್ಯಕ್ಷರೇ ಕ್ಷಮೆ ಕೇಳಿದರು. ಸತ್ತವರು 1,600 ಎಂದು ಗ್ರಾಸ್, 340ಕ್ಕೆ ಕಡಿಮೆಯಿಲ್ಲ ಎಂದು ಸರ್ಕಾರಿ ತನಿಖೆ. ಜಗಳ ನಿಂತಿಲ್ಲ. 2025ರ ಜುಲೈನಲ್ಲಿ ಸ್ಮಾರಕದ ಪಕ್ಕದ ಜಮೀನಿನಲ್ಲಿ ಬಂಡೆಗಳನ್ನು ನಿಲ್ಲಿಸಿ, ಪೋಲರದ್ದೇನೂ ತಪ್ಪಿಲ್ಲ ಎಂಬ ಫಲಕಗಳನ್ನು ಜಡಿದರು.

ಅದೇ ಯೆದ್ವಾಬ್ನೆಯ ಪಕ್ಕದ ಹಳ್ಳಿಯಲ್ಲಿ ಆಂಟೊನಿನಾ ವಿಜಿಕೋವ್‌ಸ್ಕಾ ಎಂಬ ರೈತ ಹೆಂಗಸು ಏಳು ಯಹೂದಿಗಳನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಅಡಗಿಸಿಟ್ಟು ಉಳಿಸಿದಳು. ನಾಜಿಗಳು ಹೋದ ಮೇಲೆ ಅವಳನ್ನು ಹೊಡೆದದ್ದು ಸ್ಥಳೀಯರು. ಊರೇ ಬಿಟ್ಟು ಓಡಬೇಕಾಯಿತು. ಉಳಿಸಿದ್ದು ಸಾಹಸವೆನಿಸದೆ ಅಪರಾಧವೆನಿಸಿದ ಊರು ಹೇಗಿದ್ದಿರಬಹುದು ಎಂಬುದನ್ನು ಇತಿಹಾಸದ ಅಡಿಟಿಪ್ಪಣಿಗಿಂತ ಕಥೆಯೇ ಚೆನ್ನಾಗಿ ಹೇಳಬಲ್ಲದು.

ಹೇಳಹೊರಟರೆ ಕೋರ್ಟೂ ಇದೆ. ಬಾರ್ಬರಾ ಎಂಗೆಲ್‌ಕಿಂಗ್, ಯಾನ್ ಗ್ರಾಬೋವ್‌ಸ್ಕಿ ಎಂಬ ಇಬ್ಬರು ಇತಿಹಾಸಕಾರರು ಸಂಪಾದಿಸಿದ ಸಂಪುಟದಲ್ಲಿ ಯುದ್ಧಕಾಲದ ಹಳ್ಳಿ ಮುಖಂಡನೊಬ್ಬನ ಬಗ್ಗೆ ಬರೆದಿದ್ದಕ್ಕೆ ಅವನ ಸಂಬಂಧಿ ದಾವೆ ಹೂಡಿದರು. 2021ರ ಫೆಬ್ರವರಿಯಲ್ಲಿ ವಾರ್ಸಾ ನ್ಯಾಯಾಲಯ ಕ್ಷಮೆ ಕೇಳಿ ಎಂದಿತು, ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಗಮನಿಸಬೇಕಾದದ್ದು ಸಾಕ್ಷ್ಯವನ್ನು. ಬದುಕುಳಿದ ಯಹೂದಿ ಹೆಂಗಸೊಬ್ಬಳು ಯುದ್ಧ ಮುಗಿದ ಹೊಸದರಲ್ಲಿ ಕೋರ್ಟಿನಲ್ಲಿ ಆ ಮುಖಂಡನ ಪರವಾಗಿ ಸಾಕ್ಷಿ ಹೇಳಿದ್ದಳು. ದಶಕಗಳ ನಂತರ ಕೊಟ್ಟ ಸಂದರ್ಶನದಲ್ಲಿ, ಅವನು ನನ್ನನ್ನು ಉಳಿಸಿದ, ನನ್ನ ವಸ್ತುಗಳನ್ನು ಕಿತ್ತುಕೊಂಡ, ಬೇರೆ ಯಹೂದಿಗಳ ಸಾವಿಗೂ ಕಾರಣನಾದ ಎಂದಳು. ಒಬ್ಬನೇ ಮನುಷ್ಯ, ಒಬ್ಬಳೇ ಸಾಕ್ಷಿ. ಇತಿಹಾಸಕಾರರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ, ಆರಿಸಿದ್ದಕ್ಕೆ ಕೋರ್ಟು ಹತ್ತಬೇಕಾಗುತ್ತದೆ. ಕಾದಂಬರಿಗೆ ಆ ಹಂಗಿಲ್ಲ. ಉಳಿಸಿದ ಕೈಯೂ ಕಿತ್ತುಕೊಂಡ ಕೈಯೂ ಒಂದೇ ಆಗಿರುವ ಮನುಷ್ಯನನ್ನು ಅದು ಮುನ್ನೂರು ಪುಟ ನಡೆಸಬಹುದು. ಅಂಥದ್ದನ್ನು ಬರೆಯುವವರು ಕಡಿಮೆ, ಏಕೆಂದರೆ ಅಂಥ ಪುಸ್ತಕದ ರಕ್ಷಾಪುಟದ ಮೇಲೆ ಏನು ಹಾಕಬೇಕೆಂದು ಪ್ರಕಾಶಕರಿಗೆ ತೋಚುವುದಿಲ್ಲ.

ಕಚ್ಚಾ ಸಾಮಗ್ರಿಗೆ ಈಗ ಬರವಿಲ್ಲ. 2025ರ ಜನವರಿಯಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಯುದ್ಧಕಾಲದಲ್ಲಿ ನಾಜಿಗಳಿಗೆ ಕೈಜೋಡಿಸಿದ ಆರೋಪ ಹೊತ್ತವರ ವಿಚಾರಣೆಯ ಕಡತಗಳ ಮೇಲಿನ ನಿರ್ಬಂಧ ಮುಗಿಯಿತು. ಸುಮಾರು 4,25,000 ಹೆಸರುಗಳ ಪಟ್ಟಿ ಅಂತರ್ಜಾಲಕ್ಕೆ ಬಂತು. ಕಡತಗಳನ್ನೂ ಹಾಕುವ ಯೋಜನೆಯಿತ್ತು, ವೈಯಕ್ತಿಕ ಮಾಹಿತಿ ರಕ್ಷಣೆಯ ಪ್ರಾಧಿಕಾರ ತಡೆಯಿತು. ಹಾಗಾಗಿ ಹೆಸರನ್ನು ಮನೆಯಲ್ಲಿ ಕೂತು ಹುಡುಕಬಹುದು, ಹಿಂದಿನ ಕಥೆ ಬೇಕಿದ್ದರೆ ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಿ ಕೂರಬೇಕು. ಪಟ್ಟಿಯಲ್ಲಿರುವವರಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಮಂದಿ ಮಾತ್ರ ನ್ಯಾಯಾಲಯದ ಮುಂದೆ ನಿಂತವರು. ಉಳಿದವರ ಮೇಲೆ ಇದ್ದದ್ದು ಅನುಮಾನ, ದೂರು, ಒಮ್ಮೊಮ್ಮೆ ನೆರೆಯವರ ಹಳೆಯ ಸಿಟ್ಟು. ಅಂದರೆ ಹಿಡಿದುಕೊಟ್ಟವರನ್ನು ಹಿಡಿದುಕೊಡಲು ಬರೆದ ಅರ್ಜಿಗಳೂ ಅಲ್ಲೇ ಇವೆ. ತಾತನ ಹೆಸರು ಟೈಪ್ ಮಾಡಿ, ಅದು ಪರದೆಯ ಮೇಲೆ ಬಂದದ್ದನ್ನು ನೋಡಿ, ಹೇಗ್‌ಗೆ ಹೋಗುವುದೋ ಬೇಡವೋ ಎಂದು ಅಡುಗೆಮನೆಯಲ್ಲಿ ಮಾತಾಡಿಕೊಳ್ಳುತ್ತಿರುವ ಕುಟುಂಬಗಳು ಆ ದೇಶದಲ್ಲಿ ಈಗ ಎಷ್ಟೋ ಇರಬೇಕು.